ಕನ್ನಡದಲ್ಲಿ ಹೇಳಿದ ಸುಳ್ಳು

(1/9)
ಮೊದಲು ಆ ಫೋಟೋ. ಅದು ಸೋಷಿಯಲ್ ಸೈನ್ಸ್ ಪ್ರಾಜೆಕ್ಟ್ ಅಲ್ಲ ಕಣ್ರೋ. ಸ್ಟೋರಿ ಹಾಕಿದಾಗಿಂದ ಅದೇ ಪ್ರಶ್ನೆ. ಯೂರೋಪ್ ಮ್ಯಾಪು ಅನ್ನೋದು ನಿಜ, ಆದ್ರೆ ಅದು ಆಟಕ್ಕೆ. ಆಟದ ಹೆಸರು ಡಿಪ್ಲೊಮಸಿ. ಯುದ್ಧದ ಬೋರ್ಡ್ ಗೇಮು.

ಎರಡನೇ ಪ್ರಶ್ನೆ ಸ್ವಲ್ಪ ಖಾರ. "ಟೂರ್ನಮೆಂಟಲ್ಲಿ ನಿನ್ನ ಬೆಂಚ್‌ಮೇಟ್‌ಗೇ ಕೈ ಕೊಟ್ಯಂತೆ?"

ಹೌದು, ಕೊಟ್ಟೆ. ಯಾಕೆ, ಹೇಗೆ, ಆಮೇಲೆ ಏನಾಯ್ತು ಅಂತ ಹೇಳೋಕೆ ಒಂದು ಕ್ಯಾಪ್ಷನ್ ಸಾಲಲ್ಲ. ಒಂಬತ್ತು ಪೋಸ್ಟ್ ಆಗುತ್ತೆ. ಇದನ್ನೆಲ್ಲ ಅವಳಿಗೆ ಮೊದಲೇ ತೋರಿಸಿದೀನಿ, "ಹಾಕು" ಅಂದಿದಾಳೆ. ಅದಕ್ಕೆ ಕಮೆಂಟಲ್ಲಿ ಅವಳ ಪರ ಜಗಳಕ್ಕೆ ಬರೋರು ದಯವಿಟ್ಟು ಒಂಬತ್ತನೇದು ಓದ್ಕೊಂಡು ಬನ್ನಿ.

ಈಗ ಆಟ. ಏಳು ಜನ ಬೇಕು. ಆರಾದ್ರೆ ಮಜಾ ಇಲ್ಲ, ಎಂಟಾದ್ರೆ ಜಾಗ ಇಲ್ಲ. ಮೊದಲ ಮಹಾಯುದ್ಧಕ್ಕೆ ಮುಂಚಿನ ಯೂರೋಪಿನ ಏಳು ಶಕ್ತಿಗಳು ಒಬ್ಬೊಬ್ಬರಿಗೆ ಒಂದೊಂದು: ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಇಟಲಿ, ಆಸ್ಟ್ರಿಯಾ, ರಷ್ಯಾ, ಟರ್ಕಿ. ಆಟ ಶುರುವಾಗೋ ವರ್ಷ 1901. ದಾಳ ಇಲ್ಲ, ಕಾರ್ಡ್ ಇಲ್ಲ. ಲೂಡೋದಲ್ಲಿ ಆರು ಬೀಳಲಿ ಅಂತ ದೇವರಿಗೆ ಹರಕೆ ಹೊತ್ಕೋತೀವಲ್ಲ, ಇಲ್ಲಿ ಅದಕ್ಕೆಲ್ಲ ಅವಕಾಶವೇ ಇಲ್ಲ. ಯಾವ ದೇಶ ಸಿಗುತ್ತೆ ಅನ್ನೋದು ಮಾತ್ರ ಅದೃಷ್ಟ. ಮಿಕ್ಕಿದ್ದೆಲ್ಲ ಮಾತು.

ಮಾತು ಅಂದ್ರೆ ನಿಜವಾಗ್ಲೂ ಮಾತು. ಪ್ರತಿ ಸರದಿಗೂ ಮುಂಚೆ ಹತ್ತು ಹದಿನೈದು ನಿಮಿಷ ಯಾರು ಬೇಕಾದ್ರೂ ಯಾರನ್ನ ಬೇಕಾದ್ರೂ ಪಕ್ಕಕ್ಕೆ ಕರ್ಕೊಂಡು ಹೋಗಿ ಪಿಸುಗುಟ್ಟಬಹುದು. ಒಪ್ಪಂದ ಮಾಡ್ಕೋಬಹುದು, ಮುರೀಬಹುದು. ಯಾವ ಮಾತಿಗೂ ನೀವು ಬದ್ಧರಲ್ಲ ಅನ್ನೋದು ಆಟದ ನಿಯಮ.

ನಾವು ಬಿಸಿನೆಸ್ ಲಾದಲ್ಲಿ ಓದಿದ್ದು ನೆನಪಿದ್ಯಾ? 1872ರ ಇಂಡಿಯನ್ ಕಾಂಟ್ರಾಕ್ಟ್ ಆಕ್ಟ್. ಪ್ರಸ್ತಾಪ, ಒಪ್ಪಿಗೆ, ಪ್ರತಿಫಲ, ಮುರಿದ್ರೆ ಪರಿಹಾರ. ಆ ಇಡೀ ಪುಸ್ತಕಾನ ಪಕ್ಕಕ್ಕಿಟ್ಟು ಏಳು ಜನ ವ್ಯವಹಾರಕ್ಕೆ ಕೂತ್ರೆ ಹೇಗಿರುತ್ತೆ ಅಂತ ಯೋಚ್ನೆ ಮಾಡಿ. ಅದೇ ಈ ಆಟ.

(2/9)
ರೂಲ್ಸ್ ಬೋರು ಅನ್ನೋರು ಮುಂದಕ್ಕೆ ಸ್ಕ್ರೋಲ್ ಮಾಡ್ಬೇಡಿ. ಇದು ಗೊತ್ತಾಗದಿದ್ರೆ ಆಮೇಲೆ ಆಗಿದ್ದು ಗೊತ್ತಾಗಲ್ಲ.

ಮ್ಯಾಪಲ್ಲಿ 34 ಕೇಂದ್ರಗಳಿವೆ. ಒಂದು ಕೇಂದ್ರ ಒಂದು ಪಡೆನ ಸಾಕುತ್ತೆ, ಅದು ಸೈನ್ಯ ಆಗಿರಬಹುದು, ಹಡಗು ಆಗಿರಬಹುದು. ರಷ್ಯಾಕ್ಕೆ ಶುರುವಲ್ಲಿ ನಾಲ್ಕು, ಉಳಿದೋರಿಗೆ ಮೂರು ಮೂರು. 18 ಹಿಡಿದೋರು ಒಬ್ಬರೇ ಗೆದ್ದ ಹಾಗೆ. ವರ್ಷಕ್ಕೆ ಎರಡು ಸರದಿ, ವಸಂತ ಮತ್ತು ಶರತ್ಕಾಲ. ಶರತ್ಕಾಲದ ಕೊನೆಗೆ ಯಾವ ಕೇಂದ್ರದಲ್ಲಿ ಯಾರು ನಿಂತಿದಾರೋ ಅದು ಅವರದ್ದು. ಚಳಿಗಾಲದಲ್ಲಿ ಲೆಕ್ಕ ಹಾಕಿ ಹೊಸ ಪಡೆ ಕಟ್ಟೋದು ಅಥವಾ ಇರೋದನ್ನ ತೆಗೆಯೋದು. ಕಟ್ಟೋದಾದ್ರೆ ನಿಮ್ಮ ಸ್ವಂತ ನೆಲದಲ್ಲಿ, ಅದೂ ಖಾಲಿ ಇರೋ ಊರಲ್ಲಿ ಮಾತ್ರ. ಈ ಕೊನೇ ವಾಕ್ಯ ತಲೇಲಿ ಇಟ್ಕೊಳ್ಳಿ.

ಎಲ್ಲರೂ ಆರ್ಡರ್ ಬರೆದು ಒಟ್ಟಿಗೇ ಬಿಚ್ತಾರೆ. ನಾನು ಮೊದಲು ನೀನು ಆಮೇಲೆ ಅಂತ ಇಲ್ಲ. ಒಂದು ಪಡೆ ಒಂದು ಸರದಿಗೆ ಒಂದೇ ಹೆಜ್ಜೆ. ಎಲ್ಲ ಪಡೆಗೂ ಒಂದೇ ಬಲ. ಒಂದೇ ಜಾಗಕ್ಕೆ ಇಬ್ಬರು ನುಗ್ಗಿದ್ರೆ ಇಬ್ಬರೂ ವಾಪಸ್, ಇದಕ್ಕೆ ಬೌನ್ಸ್ ಅಂತಾರೆ. ಸೋಮವಾರ ಬೆಳಗ್ಗೆ ಬಸ್ಸಿನ ಬಾಗಿಲಲ್ಲಿ ಇಬ್ಬರು ಒಟ್ಟಿಗೆ ನುಗ್ಗಿ ಸಿಕ್ಕಾಕ್ಕೋತಾರಲ್ಲ, ಹಾಗೆ. ಹಿಂದಿಂದ ಮೂರನೆಯವರು ತಳ್ಳಿದ್ರೆ ಒಬ್ಬರು ಒಳಗೆ. ಆ ತಳ್ಳೋದೇ ಸಪೋರ್ಟ್. ಎರಡರ ಬಲ ಒಂದನ್ನ ಸೋಲಿಸುತ್ತೆ.

ಈಗ ಲೆಕ್ಕ ನೋಡಿ. ನಿಮ್ಮ ಹತ್ರ ಮೂರು ಪಡೆ, ಅಕ್ಕಪಕ್ಕ ಮೂರು ನಾಲ್ಕು ದೇಶ. ಒಬ್ಬರೇ ಏನೂ ಕಿತ್ಕೊಳ್ಳೋಕಾಗಲ್ಲ. ಯಾರಾದ್ರೂ ತಳ್ಳಲೇಬೇಕು. ಯಾರು ತಳ್ತೀನಿ ಅಂತ ಮಾತು ಕೊಟ್ರೋ ಅವರು ನಿಜವಾಗ್ಲೂ ಬರೆದಿದಾರಾ ಅಂತ ಆರ್ಡರ್ ಬಿಚ್ಚೋ ತನಕ ಗೊತ್ತಾಗಲ್ಲ.

ಈ ಆಟದಲ್ಲಿ ಹೊಟ್ಟೆಯಲ್ಲಿ ಚಿಟ್ಟೆ ಹಾರೋದು ಅಲ್ಲೇ. ಸೆಮ್ ರಿಸಲ್ಟ್ ಪೇಜ್ ಲೋಡ್ ಆಗೋವಾಗ ಆಗುತ್ತಲ್ಲ, ಅದು ಒಂದು ರಾತ್ರಿಗೆ ಹದಿನಾಲ್ಕು ಸಲ.

(3/9)
ಇದನ್ನ ಕಂಡುಹಿಡಿದೋರು ಅಮೆರಿಕದ ಅಲನ್ ಕ್ಯಾಲ್ಹಮರ್. 1954ರಲ್ಲಿ ರೂಪ ಕೊಟ್ಟು, ಯಾವ ಕಂಪನಿಯೂ ತಗೊಳ್ಳದೇ ಇದ್ದಾಗ 1959ರಲ್ಲಿ ಸ್ವಂತ ದುಡ್ಡಲ್ಲಿ 500 ಸೆಟ್ ಮಾಡಿಸಿ ಮಾರಿದ್ರು. ಹಾರ್ವರ್ಡಲ್ಲಿ ಓದಿದ ಮನುಷ್ಯ, ಆಮೇಲೆ ಬಹಳ ವರ್ಷ ಪೋಸ್ಟ್‌ಮ್ಯಾನ್ ಆಗಿ ಕೆಲಸ ಮಾಡಿದ್ರು. 60ರ ದಶಕದಿಂದ ಜನ ಈ ಆಟಾನ ಪೋಸ್ಟಲ್ಲೇ ಆಡೋಕೆ ಶುರು ಮಾಡಿದ್ರು, ಆರ್ಡರ್ ಕಾಗದದಲ್ಲಿ ಕಳಿಸಿ. ಆಟ ಕಂಡುಹಿಡಿದವನೇ ಕಾಗದ ಹಂಚೋ ಕೆಲಸದಲ್ಲಿ! ನನಗೆ ಇದು ತುಂಬ ಇಷ್ಟ. ವಿಶ್ವ ಚಾಂಪಿಯನ್‌ಶಿಪ್ ಅಂತ ಮೊದಲು ನಡೆದಿದ್ದು 1988ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಲ್ಲಿ. ಕೋವಿಡ್ ಟೈಮಲ್ಲಿ ಎದುರುಬದುರು ಕೂತು ಆಡೋ ಟೂರ್ನಮೆಂಟ್‌ಗಳು ಆನ್‌ಲೈನ್‌ಗೆ ಬಂದ್ವು. ಅದರಿಂದಾನೇ ತಿಪಟೂರಿನ ಹುಡುಗಿಗೂ ಒಂದು ಕುರ್ಚಿ ಸಿಕ್ಕಿದ್ದು.

ನಮಗೆ ಕಲಿಸಿದ್ದು ಒಬ್ಬ ಸೀನಿಯರ್ ಅಕ್ಕ. ಅಸಲಿ ಸೆಟ್ ತರಿಸೋಷ್ಟು ದುಡ್ಡು ಯಾರ ಹತ್ರ ಇತ್ತು? ಜೆರಾಕ್ಸ್ ಅಂಗಡೀಲಿ ಎ3 ಪ್ರಿಂಟ್ ತೆಗೆಸಿ ಲ್ಯಾಮಿನೇಟ್ ಮಾಡಿಸಿದ್ವಿ. ಸೈನ್ಯಕ್ಕೆ ಹುಣಸೆ ಬೀಜ, ಹಡಗಿಗೆ ಅಂಗಿ ಗುಂಡಿ, ಏಳು ದೇಶಕ್ಕೆ ಏಳು ಬಣ್ಣದ ನೇಲ್ ಪಾಲಿಶ್. ಫೋಟೋದಲ್ಲಿ ಇರೋದು ಅದೇ ಮ್ಯಾಪ್. ಟ್ರೈನಲ್ಲಿ ಆಡಿದೀವಿ, ಕ್ಯಾಂಟೀನ್ ಹಿಂದುಗಡೆ ಆಡಿದೀವಿ. ಒಂದ್ಸಲ ಟ್ರೈನಲ್ಲಿ ಗಾಳಿಗೆ ಇಡೀ ಇಟಲಿ ಸೀಟಿನ ಕೆಳಗೆ ಹೋಯ್ತು.

ಒಂದು ಸಣ್ಣ ಅಡ್ಡಮಾತು. ಇದು ಪೂರ್ತಿ ಹೊರಗಿನ ಆಟ ಅಂತ ಅನ್ನಿಸಿದ್ರೆ, ಕೌಟಿಲ್ಯನ ಅರ್ಥಶಾಸ್ತ್ರದ ಮಂಡಲ ಸಿದ್ಧಾಂತ ಓದಿ. ನಿನ್ನ ಗಡಿಗೆ ಅಂಟಿದ ರಾಜ ಶತ್ರು, ಅವನ ಆಚೆಗಿರೋನು ಮಿತ್ರ. ಡಿಪ್ಲೊಮಸಿ ಮ್ಯಾಪಿನ ಮುಂದೆ ಕೂತ ಯಾರಿಗೂ ಮೊದಲ ಅರ್ಧ ಗಂಟೇಲಿ ಇದೇ ಹೊಳೆಯುತ್ತೆ. ಶತಮಾನಗಟ್ಟಲೆ ಕಣ್ಮರೆಯಾಗಿದ್ದ ಆ ಗ್ರಂಥದ ಓಲೆಗರಿ ಪ್ರತಿ 1905ರಲ್ಲಿ ಸಿಕ್ಕಿದ್ದು ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ, ಆರ್. ಶಾಮಾಶಾಸ್ತ್ರಿಗಳ ಕೈಗೆ. 1909ರಲ್ಲಿ ಅಚ್ಚಾಯ್ತು. ಮೈಸೂರಿಗೆ ಹೋದ್ರೆ ಅರಮನೆ ಮುಂದೆ ಮಾತ್ರ ಸೆಲ್ಫಿ ತಗೋಬೇಡಿ ಅಂತ ಹೇಳಿದೆ ಅಷ್ಟೆ.

(4/9)
ಮನೇಲಿ ಆಡೋದಕ್ಕೂ ಟೂರ್ನಮೆಂಟಿಗೂ ಏನು ವ್ಯತ್ಯಾಸ ಅಂತ ಕೇಳಿದ್ರೆ, ಎರಡೇ: ಗಡಿಯಾರ ಮತ್ತು ಸ್ಕೋರು.

ಮನೇಲಿ ರಾತ್ರಿ ಹತ್ತಾದ್ರೆ ಯಾರದ್ದಾದ್ರೂ ಅಮ್ಮ ಫೋನ್ ಮಾಡ್ತಾರೆ, ಆಟ ಮುಗೀತು. ಟೂರ್ನಮೆಂಟಲ್ಲಿ ಕೊನೇ ವರ್ಷ ಮೊದಲೇ ಫಿಕ್ಸ್. ನಾವು ಆಡಿದ್ರಲ್ಲಿ 1907ರ ಶರತ್ಕಾಲಕ್ಕೆ ಆಟ ನಿಲ್ಲುತ್ತೆ. ಅಂದ್ರೆ ಏಳು ವರ್ಷ, ಹದಿನಾಲ್ಕು ಸರದಿ, ಸುಮಾರು ನಾಲ್ಕು ಗಂಟೆ. ಅಷ್ಟರಲ್ಲಿ 18 ಮುಟ್ಟೋದು ಬಹಳ ಅಪರೂಪ. ಹಾಗಾದ್ರೆ ಯಾರು ಎಷ್ಟು ಗೆದ್ದರು ಅಂತ ಹೇಳೋದು ಹೇಗೆ? ಇಲ್ಲಿ ಬಿಕಾಂ ಕೆಲಸಕ್ಕೆ ಬಂತು.

ನಮ್ಮದರಲ್ಲಿ ಇದ್ದಿದ್ದು ವರ್ಗಗಳ ಮೊತ್ತದ ಪದ್ಧತಿ. ನಿಮ್ಮ ಕೇಂದ್ರಗಳ ಸಂಖ್ಯೆಯ ವರ್ಗ ತಗೊಳ್ಳಿ, ಎಲ್ಲರ ವರ್ಗಗಳ ಮೊತ್ತದಿಂದ ಭಾಗಿಸಿ, ನೂರರಿಂದ ಗುಣಿಸಿ. ಅದು ನಿಮ್ಮ ಅಂಕ.

ಕ್ಯಾಲ್ಕ್ಯುಲೇಟರ್ ತೆಗೀರಿ. ನಿಮ್ಮ ಹತ್ರ 10 ಇದೆ ಅನ್ಕೊಳ್ಳಿ. ಉಳಿದ 24ನ್ನ ಇಬ್ಬರು 12, 12 ಹಂಚ್ಕೊಂಡಿದ್ರೆ ನಿಮಗೆ 100 ಭಾಗಿಸು 388, ಅಂದ್ರೆ 25.8. ಅದೇ 24ನ್ನ ನಾಲ್ಕು ಜನ ಆರಾರು ಹಂಚ್ಕೊಂಡಿದ್ರೆ 100 ಭಾಗಿಸು 244, ಅಂದ್ರೆ 41. ನೀವು ಒಂದು ಊರೂ ಹೆಚ್ಚಿಗೆ ಹಿಡೀಲಿಲ್ಲ. ಪಕ್ಕದೋರು ಜಗಳ ಆಡ್ತಾ ಚಿಕ್ಕವರಾಗಿ ಉಳಿದ್ರು ಅಷ್ಟೇ, ನಿಮ್ಮ ಅಂಕ ಒಂದೂವರೆ ಪಟ್ಟಾಯ್ತು.

ಇದು ಗೊತ್ತಾದ ಮೇಲೆ ಆಡೋ ರೀತಿನೇ ಬದಲಾಗುತ್ತೆ. ನಿಮಗೆ ಸಂಬಂಧ ಇಲ್ಲದ ಮೂಲೆಯ ಇಂಗ್ಲೆಂಡ್ ಉಳೀಲಿ ಅಂತ ನೀವು ಟರ್ಕಿಯಿಂದ ಮೆಸೇಜ್ ಮಾಡ್ತೀರ, "ನಾರ್ವೆ ಬಿಡಬೇಡ" ಅಂತ. ಅವನಿಗೆ ಒಳ್ಳೇದಾಗಲಿ ಅಂತಲ್ಲ, ನಿಮ್ಮ ಛೇದ ಚಿಕ್ಕದಾಗಲಿ ಅಂತ.

(5/9)
ಫ್ರಾನ್ಸ್ ಕಡೆ ಟೂರ್ನಮೆಂಟ್‌ಗಳಲ್ಲಿ ಬಳಕೆಗೆ ಬಂದ ಇನ್ನೊಂದು ಪದ್ಧತಿ ಇದೆ, ಸಿ-ಡಿಪ್ಲೊ ಅಂತ. ಒಂದು ಟೇಬಲ್‌ಗೆ 100 ಅಂಕ. ಆಡಿದ್ದಕ್ಕೆ ಪ್ರತಿಯೊಬ್ಬರಿಗೂ 1, ಕೇಂದ್ರಕ್ಕೊಂದು ಅಂಕ, ಅತಿ ಹೆಚ್ಚು ಕೇಂದ್ರ ಇರೋರಿಗೆ ಇನ್ನೂ 38, ಎರಡನೆಯವರಿಗೆ 14, ಮೂರನೆಯವರಿಗೆ 7. ಕೂಡಿ ನೋಡಿ: 7, 34, 59, ಸರಿಯಾಗಿ ನೂರು.

ಅಲ್ಲಿ 11 ಮತ್ತು 10ರ ನಡುವೆ ಇರೋದು ಒಂದೇ ಊರು, ಅಂಕದಲ್ಲಿ 25ರ ವ್ಯತ್ಯಾಸ. ಹಾಗಾಗಿ ಕೊನೇ ಸರದೀಲಿ ಎಲ್ಲರೂ ಮೊದಲ ಸ್ಥಾನದವರ ಮೇಲೆ ಬೀಳ್ತಾರೆ. ಒಂದೇ ಮ್ಯಾಪು, ಒಂದೇ ರೂಲ್ಸು, ಆದ್ರೆ ಸ್ಕೋರ್ ಶೀಟ್ ಬದಲಾಯಿಸಿದ್ರೆ ಜನರ ಸ್ವಭಾವ ಬದಲಾಗುತ್ತೆ. ಇಂಟರ್ನಲ್ಸ್‌ಗೆ ಎಷ್ಟು, ಎಕ್ಸಾಮ್‌ಗೆ ಎಷ್ಟು ಅಂತ ನೋಡಿ ನಾವು ಹಾಜರಾತಿ ಲೆಕ್ಕ ಹಾಕಲ್ವಾ, ಹಾಗೇ.

ಇನ್ನೊಂದು ಮಾತು. ಈ ಆಟ ಅಂದ್ರೆ ಸುಳ್ಳು ಹೇಳೋದು ಅಂತ ಹೊಸಬರು ಅನ್ಕೋತಾರೆ. ಮೊದಲ ದಿನ ನಾನೂ ಎಲ್ಲರ ಮಾತಲ್ಲೂ ಸುಳ್ಳು ಹುಡುಕ್ತಾ ಕೂತಿದ್ದೆ. ಚೆನ್ನಾಗಿ ಆಡೋರು ಬಹಳ ಕಡಿಮೆ ಸುಳ್ಳು ಹೇಳ್ತಾರೆ. ಹತ್ತು ಸರದಿ ನಿಜ ಹೇಳಿದವರ ಹನ್ನೊಂದನೇ ಮಾತಿಗೇ ತಾನೆ ಬೆಲೆ? 2022ರಲ್ಲಿ ಮೆಟಾ ಕಂಪನಿಯವರು ಸಿಸೆರೊ ಅಂತ ಒಂದು ಎಐ ಮಾಡಿ ಈ ಆಟಕ್ಕೆ ಇಳಿಸಿದ್ರು. ಆನ್‌ಲೈನಲ್ಲಿ ಮನುಷ್ಯರ ಜೊತೆ 40 ಆಟ. ಒಂದಕ್ಕಿಂತ ಹೆಚ್ಚು ಆಡಿದೋರ ಪಟ್ಟೀಲಿ ಮೇಲಿನ ನೂರಕ್ಕೆ ಹತ್ತರೊಳಗೆ ಬಂತು. ಅದನ್ನ ತಯಾರಿಸಿದ್ದು ಹೆಚ್ಚಾಗಿ ನಿಜ ಹೇಳೋ ಹಾಗೆ, ಎದುರಿನವರಿಗೂ ಸಹಾಯ ಆಗೋ ಹಾಗೆ. ಆಮೇಲೆ ಅದು ಕೂಡ ಕೆಲವು ಕಡೆ ಮಾತು ಮುರಿದಿದೆ ಅಂತ ಬೇರೆ ಸಂಶೋಧಕರು ತೋರಿಸಿದ್ರು ಅನ್ನೋದು ಬೇರೆ ವಿಷಯ.

(6/9)
ಈಗ ನಮ್ಮ ಮನೆ ವಿಷಯ. ಇದನ್ನ ಹೇಳದೇ ಮುಂದೆ ಹೋಗೋಕಾಗಲ್ಲ.

ಅಪ್ಪ ಕೊಬ್ಬರಿ ವ್ಯಾಪಾರ ಮಾಡ್ತಾರೆ, ಸಣ್ಣ ಮಟ್ಟಕ್ಕೆ. ಸುತ್ತಮುತ್ತ ತೋಟದೋರ ಹತ್ರ ಕಾಯಿ ತಗೊಂಡು ಅಟ್ಟಕ್ಕೆ ಹಾಕೋದು, ತಿಂಗಳುಗಟ್ಟಲೆ ಕಾಯೋದು, ಒಳಗೆ ನೀರು ಆರಿ ಉಂಡೆ ಕೊಬ್ಬರಿ ಆದ ಮೇಲೆ ಸುಲಿಸಿ ಮಾರೋದು. ಈ ವ್ಯವಹಾರದಲ್ಲಿ ಅರ್ಧಕ್ಕರ್ಧ ಬಾಯಿಮಾತು. ತೋಟದೋರು ಇಷ್ಟು ರೇಟಿಗೆ ಕೊಡ್ತೀನಿ ಅಂದ್ರೆ ಮುಗೀತು, ಮಾರನೇ ದಿನ ರೇಟ್ ಏರಿದ್ರೂ ಕೊಡ್ತಾರೆ. ಇಳಿದ್ರೂ ಅಪ್ಪ ತಗೋತಾರೆ.

ನಾನು ಪಿಯುಸೀಲಿ ಇದ್ದಾಗ ಒಬ್ಬ ಖರೀದಿದಾರ ಎರಡು ಲೋಡ್ ಉದ್ರಿಗೆ ತಗೊಂಡು ಹೋದ. ವರ್ಷಗಳಿಂದ ಗೊತ್ತಿದ್ದವನು, ನಮ್ಮನೇಲಿ ಊಟ ಮಾಡಿದ್ದವನು. ಆಮೇಲೆ ಫೋನ್ ಸ್ವಿಚ್ ಆಫ್. ಅಪ್ಪ ಎರಡು ಸಲ ಅವನ ಊರಿಗೆ ಹೋಗಿ ಬಂದ್ರು. ನಾನು ಬೆಂಗಳೂರಿಗೆ ಹೋಗದೇ ತುಮಕೂರಲ್ಲಿ ಬಿಕಾಂ ಸೇರಿದ್ದರ ಹಿಂದೆ ಆ ಎರಡು ಲೋಡ್ ಕೂಡ ಇದೆ. ಇದು ಗೋಳು ಅಂತ ಹೇಳ್ತಿಲ್ಲ, ಇಲ್ಲಿಗೆ ಬಂದಿದ್ದಕ್ಕೇ ನೀವೆಲ್ಲ ಸಿಕ್ಕಿದ್ದು. ನಮ್ಮನೇಲಿ "ಮಾತು ತಪ್ಪಿದ" ಅನ್ನೋದು ಎಷ್ಟು ಕೆಟ್ಟ ಬೈಗುಳ ಅಂತ ಗೊತ್ತಾಗ್ಲಿ ಅಂತ ಹೇಳಿದೆ.

ಟೂರ್ನಮೆಂಟ್ ಇದ್ದಿದ್ದು ಮೂರು ಶನಿವಾರ, ನಡೆಸ್ತಿದ್ದೋರು ಬೇರೆ ದೇಶದೋರು. ನಮ್ಮ ಟೈಮಿಗೆ ರಾತ್ರಿ ಏಳೂವರೆಗೆ ಶುರು. ಮೂವತ್ತೈದು ಜನ, ಐದು ಟೇಬಲ್. ಮೊದಲ ಸುತ್ತು ನನಗೆ ಆಸ್ಟ್ರಿಯಾ. ಮಧ್ಯದಲ್ಲಿ ಸಿಕ್ಕಾಕ್ಕೊಂಡ ದೇಶ, ಇಟಲಿ, ರಷ್ಯಾ, ಟರ್ಕಿ ಮೂವರೂ ಸೇರಿ 1904ಕ್ಕೆ ಮುಗಿಸಿದ್ರು, ಸೊನ್ನೆ. ಎರಡನೇದು ಇಂಗ್ಲೆಂಡ್, ಐದು ಕೇಂದ್ರ, ಹೇಳ್ಕೊಳ್ಳೋ ಹಾಗೇನಿಲ್ಲ.

ಆ ಎರಡನೇ ಸುತ್ತಲ್ಲಿ ಅಪ್ಪ ಅಂಗಡಿ ಬಾಗಿಲು ಹಾಕಿ ಬಂದು ಪಕ್ಕದಲ್ಲಿ ಕೂತ್ರು. ಎಲ್ಲ ವಿವರಿಸಿದೆ. ಸುಳ್ಳು ಹೇಳಬಹುದು ಅಂದಾಗ ಬೈತಾರೆ ಅನ್ಕೊಂಡೆ. ಬೈಲಿಲ್ಲ. ಸ್ಕ್ರೀನ್ ನೋಡ್ತಾ ಒಂದೇ ಪ್ರಶ್ನೆ ಕೇಳಿದ್ರು: "ಮುಂದಿನ ವಾರನೂ ಇದೇ ಜನಾನಾ?"

ವ್ಯಾಪಾರಿ ಕೇಳೋ ಪ್ರಶ್ನೆ ಕಣ್ರೋ ಅದು. ನಾನು ಓದಿದ ಯಾವ ಸ್ಟ್ರ್ಯಾಟಜಿ ಗೈಡಲ್ಲೂ ಇಷ್ಟು ಚಿಕ್ಕದಾಗಿ ಯಾರೂ ಕೇಳಿರಲಿಲ್ಲ.

(7/9)
ಮೂರನೇ ಸುತ್ತು. ಲಿಸ್ಟ್ ಬಂತು. ನಾನು ಟರ್ಕಿ. ಅವಳು ರಷ್ಯಾ. ಅಕ್ಕಪಕ್ಕ.

ತಕ್ಷಣ ಇಬ್ಬರೂ ನಡೆಸೋರಿಗೆ ಮೆಸೇಜ್ ಹಾಕಿದ್ವಿ, ನಾವು ಒಂದೇ ಕ್ಲಾಸು, ಒಂದೇ ಬೆಂಚು ಅಂತ. ಆಟದ ಹೊರಗಿನ ಸ್ನೇಹ, ದ್ವೇಷ ಟೇಬಲ್‌ಗೆ ತರೋದು ಈ ವಲಯದಲ್ಲಿ ದೊಡ್ಡ ಅಸಹ್ಯ. ಹಿಂದಿನ ಸುತ್ತಲ್ಲಿ ನನಗೆ ಹೊಡೆದ ಅಂತ ಈ ಸುತ್ತಲ್ಲಿ ಅವನ ಮೇಲೆ ಬೀಳೋದನ್ನೂ ಯಾರೂ ಮೆಚ್ಚಲ್ಲ. ಅವರು ಹೇಳಿದ್ದು ಇಷ್ಟೇ: ಮೊದಲೇ ಒಪ್ಪಂದ ಮಾಡ್ಕೋಬೇಡಿ, ಮಾತೆಲ್ಲ ಆಟದ ಚಾಟಲ್ಲೇ ಇರಲಿ, ಕನ್ನಡದಲ್ಲಿ ಬರೆದ್ರೂ ತೊಂದ್ರೆ ಇಲ್ಲ. ವಾಟ್ಸಾಪ್ ಮುಚ್ಚಿಟ್ವಿ.

ಉಳಿದ ಐದು ಜನರ ಜೊತೆ ಇಂಗ್ಲಿಷ್. ಅವಳ ಜೊತೆ ಕನ್ನಡ. ಅಬ್ಬಾ, ಎಷ್ಟು ಆರಾಮು ಗೊತ್ತಾ? ಇಂಗ್ಲಿಷಲ್ಲಿ ಒಂದೊಂದು ವಾಕ್ಯಾನೂ ತೂಗಿ ತೂಗಿ ಟೈಪ್ ಮಾಡೋದು, ಅವಳಿಗೆ ಮಾತ್ರ "ಲೇ, ಆಸ್ಟ್ರಿಯಾದವನು ಓವರಾಗಿ ಆಡ್ತಿದಾನೆ, ಮೊದ್ಲು ಅವನ್ನ ಮುಗಿಸೋಣ".

ರಷ್ಯಾ, ಟರ್ಕಿ ಸೇರಿದ್ರೆ ಅದಕ್ಕೆ ಜಗನ್ನಾಟ್ ಅಂತ ಹೆಸರೇ ಇದೆ. ನಮ್ಮ ಪುರಿ ಜಗನ್ನಾಥನ ರಥದಿಂದ ಹುಟ್ಟಿದ ಪದ, ಎದುರು ಬಂದಿದ್ದನ್ನೆಲ್ಲ ಉರುಳಿಸ್ಕೊಂಡು ಹೋಗೋದು ಅಂತ. ಆದ್ರೆ ಇಬ್ಬರ ನಡುವೆ ಕಪ್ಪು ಸಮುದ್ರ ಇದೆ. ಅಲ್ಲಿಗೆ ಯಾರು ಹಡಗು ತಂದ್ರೂ ಇನ್ನೊಬ್ಬರ ಹಿತ್ತಲಿಗೆ ಬಂದ ಹಾಗೆ. ಅದನ್ನ ಖಾಲಿ ಬಿಡ್ತೀವಿ ಅಂತ ಮಾತಾಯ್ತು. ಆರು ವರ್ಷ ಖಾಲಿ ಬಿಟ್ವಿ.

ಆಸ್ಟ್ರಿಯಾ ಹೋಯ್ತು, ಇಟಲಿ ಹೋಯ್ತು, ಜರ್ಮನಿ ಹೋಯ್ತು. 1906ರ ಚಳಿಗಾಲದ ಲೆಕ್ಕ: ರಷ್ಯಾ 10, ನಾನು 9, ಫ್ರಾನ್ಸ್ 9, ಇಂಗ್ಲೆಂಡ್ 6. ಇನ್ನು ಎರಡೇ ಸರದಿ ಬಾಕಿ. ಪಶ್ಚಿಮಕ್ಕೆ ಫ್ರಾನ್ಸಿನ ಹಡಗುಗಳು ಗೋಡೆ ಕಟ್ಟಿದ್ವು, ಟ್ಯೂನಿಸ್ ಕಡೆ ಒಂದು ಹೆಜ್ಜೆ ಇಡೋಕಾಗ್ತಿರಲಿಲ್ಲ. ಈ ಲೆಕ್ಕದಲ್ಲೇ ಮುಗಿದ್ರೆ ನನಗೆ 81 ಭಾಗಿಸು 298, ಅಂದ್ರೆ 27.2. ಅವಳಿಗೆ 33.6.

ಬೆಳೆಯೋಕೆ ನನಗೆ ಇದ್ದ ದಿಕ್ಕು ಒಂದೇ. ಅವಳ ಪಡೆಗಳೆಲ್ಲ ಬರ್ಲಿನ್, ಮ್ಯೂನಿಕ್, ಸ್ವೀಡನ್ ಕಡೆ. ಹಿಂದೆ ಸೆವಾಸ್ಟಪೋಲ್ ಖಾಲಿ, ರುಮೇನಿಯಾ ಖಾಲಿ. ಖಾಲಿ ಬಿಟ್ಟಿದ್ದು ನನ್ನನ್ನ ನಂಬಿ.

(8/9)
ಆ ಚಳಿಗಾಲ ನನಗೆ ಒಂದು ಹೊಸ ಪಡೆ ಕಟ್ಟೋ ಅವಕಾಶ ಇತ್ತು. ಅಂಕಾರಾದಲ್ಲಿ ಹಡಗು ಕಟ್ಟಿದೆ. ಅಂಕಾರಾ ಕಪ್ಪು ಸಮುದ್ರದ ದಡ. ಅಲ್ಲಿ ಹಡಗು ಬಂತು ಅಂದ್ರೆ ರಷ್ಯಾ ಆಡೋರು ಎದ್ದು ಕೂರ್ತಾರೆ.

ಅವಳು ಕೇಳಿದ್ಲು: "ಅಂಕಾರಾದಲ್ಲಿ ಯಾಕೆ ಹಡಗು?"

ನಾನು ಬರೆದಿದ್ದು: "ಸ್ಮಿರ್ನಾ, ಕಾನ್‌ಸ್ಟಾಂಟಿನೋಪಲ್ ಎರಡರಲ್ಲೂ ಪಡೆ ಇದೆ ಕಣೆ, ಇನ್ನೆಲ್ಲಿ ಕಟ್ಟಲಿ? ವಸಂತದಲ್ಲಿ ಕಾನ್‌ಸ್ಟಾಂಟಿನೋಪಲ್ ಖಾಲಿ ಮಾಡ್ಕೊಂಡು ಇದನ್ನ ಆ ಕಡೆಯಿಂದ ಏಜಿಯನ್‌ಗೆ ಕಳಿಸ್ತೀನಿ, ಫ್ರಾನ್ಸ್ ಮೇಲೆ."

ಮೊದಲ ವಾಕ್ಯ ನಿಜ. ಎರಡನೇದು ಸುಳ್ಳು. ಇಡೀ ಆಟದಲ್ಲಿ ಅವಳಿಗೆ ಹೇಳಿದ ಒಂದೇ ಒಂದು ಸುಳ್ಳು.

"ಸರಿ ಕಣೆ" ಅಂದ್ಲು.

1907 ವಸಂತ, ಆರ್ಡರ್ ಬಿಚ್ಚಿತು. ನನ್ನ ಹಡಗು ಕಪ್ಪು ಸಮುದ್ರದಲ್ಲಿ. ಸ್ಮಿರ್ನಾದ ಸೈನ್ಯ ಅರ್ಮೇನಿಯಾದಲ್ಲಿ. ಬಲ್ಗೇರಿಯಾದ್ದು ರುಮೇನಿಯಾದಲ್ಲಿ. ಅವಳಿಗೆ ಹತ್ತಿರದ ಸೈನ್ಯ ಇದ್ದಿದ್ದು ವಾರ್ಸಾದಲ್ಲಿ. ಅಲ್ಲಿಂದ ಸೆವಾಸ್ಟಪೋಲ್‌ಗೂ ಎರಡು ಹೆಜ್ಜೆ, ರುಮೇನಿಯಾಕ್ಕೂ ಎರಡು ಹೆಜ್ಜೆ. ಉಳಿದಿದ್ದು ಒಂದೇ ಸರದಿ.

ಚಾಟಲ್ಲಿ ಮೂರು ಚುಕ್ಕೆ ಕಾಣಿಸ್ತು, ಹೋಯ್ತು, ಮತ್ತೆ ಕಾಣಿಸ್ತು, ಹೋಯ್ತು. ಏನೂ ಬರಲಿಲ್ಲ. ಆ ಹದಿನೈದು ನಿಮಿಷ ನಾನು ನೀರು ಕುಡಿಯೋಕೂ ಏಳಲಿಲ್ಲ.

ಶರತ್ಕಾಲದಲ್ಲಿ ಸೆವಾಸ್ಟಪೋಲ್ ತಗೊಂಡೆ. ಕೊನೆಗೆ ನಾನು 11, ಫ್ರಾನ್ಸ್ 9, ಅವಳು 8, ಇಂಗ್ಲೆಂಡ್ 6. ನನಗೆ 121 ಭಾಗಿಸು 302, ಅಂದ್ರೆ 40.1. ಅವಳದ್ದು 33.6ರಿಂದ 21.2ಕ್ಕೆ ಇಳೀತು. ಒಟ್ಟಾರೆ ಮೂವತ್ತೈದು ಜನರಲ್ಲಿ ನಾನು ಒಂಬತ್ತನೇ ಜಾಗ. ಹಿಂದಿನ ಎರಡು ಸುತ್ತು ನೋಡಿದ್ರೆ ಇದು ನನಗೆ ಜಾಕ್‌ಪಾಟ್.

ಒಂದು ವಿಷಯ ಗಮನಿಸಿ. ಕೊನೇ ಸರದೀಲಿ ಅವಳು ಬೇಕಂದಿದ್ರೆ ಸಿಟ್ಟಿಗೆ ಮ್ಯೂನಿಕ್ ಫ್ರಾನ್ಸಿಗೆ ಬಿಟ್ಟುಕೊಟ್ಟು ನನ್ನ ಅಂಕ ಕಡಿಮೆ ಮಾಡಬಹುದಿತ್ತು. ನಾನು ಆಮೇಲೆ ಲೆಕ್ಕ ಹಾಕಿದೆ, ಆಗ ನನಗೆ 39.5 ಬರ್ತಿತ್ತು, ಅರ್ಧ ಅಂಕಕ್ಕಿಂತ ಸ್ವಲ್ಪ ಹೆಚ್ಚು ನಷ್ಟ. ಸಿ-ಡಿಪ್ಲೊ ಆಗಿದ್ದು, ಎರಡು ಮೂರು ಊರು ಹೀಗೆ ಬಿಟ್ಟಿದ್ರೆ ನನ್ನ ಮೊದಲ ಸ್ಥಾನವೇ ಹೋಗ್ತಿತ್ತು. ಅವಳು ಅದನ್ನೆಲ್ಲ ಮಾಡಲಿಲ್ಲ. ಸ್ವೀಡನ್ನಿಂದ ಡೆನ್ಮಾರ್ಕ್ ಹಿಡಿಯೋಕೆ ನೋಡಿದ್ಲು, ಬೌನ್ಸ್ ಆಯ್ತು. ಕೊನೇವರೆಗೂ ತನ್ನ ಅಂಕಕ್ಕೋಸ್ಕರ ಆಡಿದ್ಲು. ಆ ಟೇಬಲಲ್ಲಿ ಚೆನ್ನಾಗಿ ಆಡಿದ್ದು ಯಾರು ಅಂತ ಕೇಳಿದ್ರೆ ನಾನು ನನ್ನ ಹೆಸರು ಹೇಳಲ್ಲ.

(9/9)
ಸೋಮವಾರ ಅವಳು ಬೇರೆ ಬೆಂಚಲ್ಲಿ ಕೂತ್ಲು. ನೀವೆಲ್ಲ ನೋಡಿದ್ದು, ಕತೆ ಕಟ್ಟಿದ್ದು ಆವಾಗ್ಲೇ. ಕಾಸ್ಟ್ ಅಕೌಂಟಿಂಗ್ ನೋಟ್ಸ್ ವಿಷಯಕ್ಕೆ ಜಗಳ ಅಂತ ಯಾರೋ ಹಬ್ಬಿಸಿದ್ರಲ್ಲ, ಅದು ಸುಳ್ಳು.

ಗುರುವಾರ ಟ್ರೈನಲ್ಲಿ ಪಕ್ಕ ಬಂದು ಕೂತ್ಲು. ಮೊದಲು ಹೇಳಿದ್ದು: "ಮೂವ್ ಸರಿಯಾಗಿತ್ತು. ನಾನಾಗಿದ್ರೂ ಲೆಕ್ಕ ಹಾಕ್ತಿದ್ದೆ." ಆಮೇಲೆ ಹೇಳಿದ್ಲು, 1905ರಲ್ಲಿ ನನ್ನ ಬಲ್ಗೇರಿಯಾ ಒಂದು ಸರದಿ ಖಾಲಿ ಇತ್ತಂತೆ. "ನೋಡಿದ್ದೆ. ಬಿಟ್ಟೆ."

ನಾನು ಏನೂ ಹೇಳಲಿಲ್ಲ. 1905ರಲ್ಲಿ ಹೊಡೆದಿದ್ರೆ ವಾಪಸ್ ಹೊಡೆಯೋಕೆ ನನಗೆ ಎರಡು ವರ್ಷ ಇರ್ತಿತ್ತು, 1907ರಲ್ಲಿ ಅವಳಿಗೆ ಸಿಕ್ಕಿದ್ದು ಒಂದು ಸರದಿ. ಅಪ್ಪ ಕೇಳಿದ ಪ್ರಶ್ನೆಗೆ ಆ ಟೇಬಲ್ ಮಟ್ಟಿಗೆ ಉತ್ತರ "ಇಲ್ಲ, ಇದೇ ಕೊನೆ" ಅಂತ. ಆಟದ ಲೆಕ್ಕದಲ್ಲಿ ನಾನು ಮಾಡಿದ್ದು ಸರಿ, ಇವತ್ತೂ ಅದನ್ನೇ ಹೇಳ್ತೀನಿ, ನಾಳೆ ಅದೇ ಮ್ಯಾಪ್ ಬಂದ್ರೂ ಅದೇ ಆರ್ಡರ್ ಬರೀತೀನಿ.

ಆದ್ರೆ ಸ್ವಲ್ಪ ಹೊತ್ತಾದ ಮೇಲೆ ಅವಳು ಇನ್ನೊಂದು ಮಾತು ಹೇಳಿದ್ಲು. "ನೀನು ಅದನ್ನ ಇಂಗ್ಲಿಷಲ್ಲಿ ಬರ್ದಿದ್ರೆ ನಾನು ಎರಡನೇ ಸಲ ಓದ್ತಿದ್ದೆ. 'ಇನ್ನೆಲ್ಲಿ ಕಟ್ಟಲಿ ಕಣೆ' ಅಂದೆ ನೋಡು, ಓದ್ಲೇ ಇಲ್ಲ. ನಂಬಿಬಿಟ್ಟೆ."

ಇದಕ್ಕೆ ನನ್ನ ಹತ್ರ ಲೆಕ್ಕ ಇಲ್ಲ ಕಣ್ರೋ. ಆ "ಕಣೆ" ನಾನು ಯೋಚ್ನೆ ಮಾಡಿ ಹಾಕಿದ್ದಲ್ಲ. ಅವಳ ಜೊತೆ ಮಾತಾಡೋವಾಗ ಬರೋ ಹಾಗೆ ಬಂತು. ಆದ್ರೆ ಅವಳು ನಂಬಿದ್ದು ಅದನ್ನೇ. ಆ ಖರೀದಿದಾರನೂ ನಮ್ಮನೆ ಜಗಲಿ ಮೇಲೆ ಕೂತು ಅಪ್ಪನ ಜೊತೆ ಇಂಥದೇ ಕನ್ನಡದಲ್ಲಿ ಮಾತಾಡಿದ್ದ. ಅವನು ಮಾಡಿದ್ದು ದುಡ್ಡಿಗೆ, ನಾನು ಮಾಡಿದ್ದು ಎಲ್ಲರೂ ಒಪ್ಪಿ ಕೂತ ಆಟದಲ್ಲಿ. ಎರಡೂ ಒಂದೇ ಅಂತ ನಾನು ಒಪ್ಪಲ್ಲ, ಅವಳೂ ಹಾಗೆ ಹೇಳಲಿಲ್ಲ. ಅಪ್ಪನಿಗೆ ಮಾತ್ರ ಮೂರನೇ ಸುತ್ತಿನ ಕತೆ ಇನ್ನೂ ಹೇಳಿಲ್ಲ. ಸ್ಕೋರ್ ಕೇಳಿದ್ರು, "ಒಂಬತ್ತನೇ ಜಾಗ" ಅಂದೆ, ಖುಷಿಪಟ್ರು.

ಮುಂದಿನ ಟೂರ್ನಮೆಂಟಿಗೆ ಇಬ್ಬರೂ ಹೆಸರು ಕೊಟ್ಟಿದೀವಿ. ಮತ್ತೆ ಒಂದೇ ಟೇಬಲ್ ಬಂದ್ರೆ ಆಟದ ಚಾಟಲ್ಲಿ ಇಬ್ಬರೂ ಇಂಗ್ಲಿಷಲ್ಲೇ ಬರೀಬೇಕು. ಇದು ಅವಳು ಹಾಕಿದ ಷರತ್ತು, ನಾನು ಒಪ್ಪಿದೀನಿ. ನನ್ನ ಇಂಗ್ಲಿಷ್ ನಿಮಗೆಲ್ಲ ಗೊತ್ತಲ್ಲ, ನಷ್ಟ ನನಗೇ.

ಅದಕ್ಕೆ ಮುಂಚೆ ಪ್ರಾಕ್ಟೀಸ್ ಬೇಕು. ಏಳು ಜನ ಬೇಕು, ಐದು ಆಗಿದೀವಿ. ಈ ಶನಿವಾರ ಕ್ಲಾಸ್ ಮುಗಿದ ಮೇಲೆ, ಕ್ಯಾಂಟೀನ್ ಹಿಂದುಗಡೆ. ನಾಲ್ಕು ಗಂಟೆ ಹಿಡಿಯುತ್ತೆ, ತಿಂಡಿ ಕಟ್ಕೊಂಡು ಬನ್ನಿ. ರೂಲ್ಸ್ ಗೊತ್ತಿಲ್ದೇ ಇದ್ರೂ ನಡೆಯುತ್ತೆ, ಎರಡನೇ ಪೋಸ್ಟ್ ಓದಿದ್ರೆ ಸಾಕು. ಬರೋರು ಡಿಎಂ ಮಾಡಿ. ಬರ್ತೀನಿ ಅಂತ ಹೇಳಿ ಬರದೇ ಇರೋರು ದಯವಿಟ್ಟು ಮಾಡ್ಬೇಡಿ, ಆರು ಜನಕ್ಕೆ ಈ ಆಟ ನಿಜವಾಗ್ಲೂ ಆಗಲ್ಲ.

#ಡಿಪ್ಲೊಮಸಿ #ಬೋರ್ಡ್‌ಗೇಮ್ #ಬಿಕಾಂಬದುಕು #ಕನ್ನಡಕ್ಯಾಪ್ಷನ್